ಇನ್ನೊಬ್ಬರ ತಪ್ಪಿಗೆ ನಮ್ಮ ಕಂತು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕಾರಿಗೆ ವಿಮೆ ಮಾಡಿಸುವವರ ಮುಂದೆ ಒಂದು ವಿಚಿತ್ರವಾದ ಕಾಗದ ಬರುತ್ತದೆ. ಬೇಕು ಎನ್ನುವವರು ಸಹಿ ಹಾಕಿ ಪಡೆಯುವುದು ಲೋಕದ ರೂಢಿ. ಇಲ್ಲಿ ಬೇಡ ಎನ್ನುವವರು ಸಹಿ ಹಾಕಬೇಕು. ‘ನನಗೆ ಇದು ಬೇಡ’ ಎಂದು ಲಿಖಿತವಾಗಿ ಬರೆದುಕೊಡದಿದ್ದರೆ ಅದು ಪಾಲಿಸಿಯೊಳಗೆ ಇದ್ದೇ ಇರುತ್ತದೆ. ಅದರ ಹೆಸರು ‘ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್’. ವಿಮೆಯಿಲ್ಲದವನೊಬ್ಬ ಬಂದು ನಿಮಗೆ ಗುದ್ದಿದರೆ, ಅವನು ಕೊಡಬೇಕಾಗಿದ್ದ ಪರಿಹಾರವನ್ನು ನಿಮ್ಮದೇ ಕಂಪನಿ ನಿಮಗೆ ಕೊಡುತ್ತದೆ. ಅದಕ್ಕೆ ನೀವು ಮೊದಲೇ ಒಂದಿಷ್ಟು ಹೆಚ್ಚಿನ ಕಂತು ಕಟ್ಟಿರಬೇಕು. ತಪ್ಪು ಅವನದು, ಕಂತು ನಿಮ್ಮದು.

ಈ ಕಾಗದದ ಸುದ್ದಿ ಅರಸೀಕೆರೆಯಲ್ಲಿರುವ ನಮ್ಮ ತನಕ ತಲುಪಿದ್ದು ಸೋದರಳಿಯನಿಂದ. ನಮ್ಮ ತಂಗಿಯ ಮಗ ಡಲ್ಲಾಸಿನ ಪಕ್ಕದ ಇರ್ವಿಂಗ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಎಚ್-1ಬಿ ವೀಸಾ, ಹೆಂಡತಿ, ಮೂರು ವರ್ಷದ ಮಗಳು, ಸಾಲ ಇನ್ನೂ ತೀರದ ಒಂದು ಕಾರು. ಆರು ತಿಂಗಳಿಗೊಮ್ಮೆ ಪಾಲಿಸಿ ನವೀಕರಿಸುವಾಗೆಲ್ಲ ಕಂತು ಏರುತ್ತಲೇ ಇದೆ ಎಂಬುದು ಅವನ ಅಳಲು. ಎಲ್ಲಿ ಏನು ಕತ್ತರಿಸಬಹುದು ಎಂದು ನೋಡುತ್ತ ಕುಳಿತಾಗ ಈ ಬಾಬತ್ತು ಅವನ ಕಣ್ಣಿಗೆ ಬಿದ್ದಿದೆ. ಅವನ ಲೆಕ್ಕದಲ್ಲಿ ಅದು ತಿಂಗಳಿಗೆ ಹನ್ನೆರಡು ಡಾಲರ್. “ಮಾಮೂ, ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ. ತೆಗೆಸಿಬಿಡಲಾ? ನೀವು ಏನಂತೀರಿ?” ಎಂದು ಫೋನಿನಲ್ಲಿ ಕೇಳಿದ.

ನಾವು ಕತೆ ಬರೆಯುವವರು, ವಿಮೆ ಮಾರುವವರಲ್ಲ. ಆದರೆ ನಮ್ಮ ಮನೆಗಳಲ್ಲಿ ಹುಡುಗರು ಸಮುದ್ರ ದಾಟಿ ಎಷ್ಟೇ ವರ್ಷವಾಗಿರಲಿ, ಕಾರು ಕೊಳ್ಳುವುದಿರಲಿ, ಮನೆ ಬದಲಿಸುವುದಿರಲಿ, ಮಶ್ವರಾ ಊರಿನಲ್ಲೇ ಆಗಬೇಕು. ಹಾಗಾಗಿ ಒಂದು ಶುಕ್ರವಾರ ಊಟ ಮುಗಿದು ದಸ್ತರ್‌ಖಾನ್ ಎತ್ತಿದ ಮೇಲೆ, ಫೋನನ್ನು ನಡುವೆ ಇಟ್ಟುಕೊಂಡು ಅಣ್ಣ, ಅತ್ತಿಗೆ, ತಂಗಿ, ನಾವು ಎಲ್ಲರೂ ಕುಳಿತೆವು. ಮೊದಲು ಮಾತನಾಡಿದವರು ಅತ್ತಿಗೆ. ದಖನಿಯಲ್ಲಿ ಶುರುವಾದ ಮಾತನ್ನು ಕನ್ನಡಕ್ಕೆ ತಿರುಗಿಸಿ, “ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತಲ್ಲ” ಎಂದರು. ವಿಮೆ ಮಾಡಿಸದೆ ರಸ್ತೆಗಿಳಿದವನನ್ನು ಹಿಡಿದು ದಂಡ ಹಾಕುವುದು ಬಿಟ್ಟು, ಸರಿಯಾಗಿ ಕಟ್ಟುವವನ ಹತ್ತಿರವೇ ಇನ್ನಷ್ಟು ಕೇಳುವುದು ಯಾವ ನ್ಯಾಯ? ಈ ಪ್ರಶ್ನೆಗೆ ಆ ಕ್ಷಣ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಕೇಳಿದವರಿಗೆ ಅದು ನ್ಯಾಯವಾದ ಪ್ರಶ್ನೆಯೇ ಅನ್ನಿಸುತ್ತದೆ. ನಮಗೂ ಅನ್ನಿಸಿತು.

ಅದರ ಬೆನ್ನು ಹತ್ತಿ ಒಂದಿಷ್ಟು ಓದಿದಾಗ ತಿಳಿದದ್ದು, ಅಮೆರಿಕನ್ನರು ಈ ಪ್ರಶ್ನೆಯನ್ನು ಕೇಳಿಕೊಂಡು ನೂರು ವರ್ಷವಾಗುತ್ತ ಬಂದಿದೆ ಎಂದು. ಕಾರಿಗೆ ವಿಮೆ ಕಡ್ಡಾಯ ಎಂಬ ಕಾನೂನು ಅಲ್ಲಿ ಮೊದಲು ಜಾರಿಯಾದದ್ದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, 1927ರಲ್ಲಿ. ಉಳಿದ ರಾಜ್ಯಗಳು ದಶಕಗಳ ಕಾಲ ಮೀನಮೇಷ ಎಣಿಸಿದವು. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದ ಕತೆ ಇನ್ನೂ ಸ್ವಾರಸ್ಯಕರ. ಅಲ್ಲಿ ಇವತ್ತಿಗೂ ಕಾರಿಗೆ ವಿಮೆ ಕಡ್ಡಾಯವಲ್ಲ. ಆದರೆ ವಿಮೆ ಕೊಳ್ಳುವವರ ಪಾಲಿಸಿಯಲ್ಲಿ ‘ವಿಮೆಯಿಲ್ಲದವನು ಗುದ್ದಿದರೆ’ ಎಂಬ ರಕ್ಷಣೆ ಇರಲೇಬೇಕೆಂದು 1957ರಲ್ಲಿ ಮೊತ್ತಮೊದಲು ಕಾನೂನು ಮಾಡಿದ್ದೂ ಅದೇ ರಾಜ್ಯ. ಬೇಡವೆನ್ನುವವನ ಸ್ವಾತಂತ್ರ್ಯವನ್ನೂ ಕಾಪಾಡಿ, ಅದರ ಬೆಲೆಯನ್ನು ಬೇಕೆನ್ನುವವನ ತಲೆಗೆ ಕಟ್ಟಿದ ಹಾಗೆ. ವರ್ಜೀನಿಯಾದಲ್ಲಂತೂ ವರ್ಷಕ್ಕೆ 500 ಡಾಲರ್ ಶುಲ್ಕ ಕಟ್ಟಿದರೆ ವಿಮೆಯಿಲ್ಲದೆಯೇ ಕಾರು ಓಡಿಸಬಹುದಾಗಿತ್ತು. ಆ ಶುಲ್ಕ ಕಟ್ಟಿದ್ದರಿಂದ ಗಾಯಗೊಂಡವನಿಗೆ ಒಂದು ಕಾಸಿನ ಪರಿಹಾರವೂ ಸಿಗುತ್ತಿರಲಿಲ್ಲ. 2024ರ ಜುಲೈಯಲ್ಲಿ ಅದು ರದ್ದಾಯಿತು.

ಕಾನೂನು ಇದ್ದಲ್ಲಿಯೂ ವಿಮೆಯಿಲ್ಲದವರು ಇದ್ದಾರೆ. ಅಲ್ಲಿನ ಇನ್ಶೂರೆನ್ಸ್ ರಿಸರ್ಚ್ ಕೌನ್ಸಿಲ್ ಎಂಬ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ದೇಶದ ಚಾಲಕರಲ್ಲಿ ಶೇ. 15.4ರಷ್ಟು ಮಂದಿಗೆ ವಿಮೆ ಇರಲಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಅಜಗಜಾಂತರ. 2019ರ ಅಂದಾಜಿನಲ್ಲಿ ನ್ಯೂಜೆರ್ಸಿಯಲ್ಲಿ ಶೇ. 3.1 ಮಾತ್ರ, ಮಿಸಿಸಿಪ್ಪಿಯಲ್ಲಿ ಶೇ. 29.4. ಆದ್ದರಿಂದ ಈ ಹೆಚ್ಚಿನ ಕಂತು ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಊರು ಕೇಳದೆ ಉತ್ತರ ಹೇಳುವುದು ಜ್ವರ ನೋಡದೆ ಮದ್ದು ಕೊಟ್ಟ ಹಾಗೆ.

ಈ ವಿಮೆಯಿಲ್ಲದವರು ಯಾರು? ಅತ್ತಿಗೆಯ ಮನಸ್ಸಿನಲ್ಲಿದ್ದದ್ದು ಕಾನೂನಿಗೆ ಸೊಪ್ಪು ಹಾಕದ ಒಬ್ಬ ಪುಂಡನ ಚಿತ್ರ. ಅಂಥವರೂ ಇದ್ದಾರೆ. ಆದರೆ ಅಳಿಯ ಹೇಳಿದ್ದು ಬೇರೆ. ಅವನ ಅಪಾರ್ಟ್‌ಮೆಂಟಿನ ಹುಲ್ಲು ಕತ್ತರಿಸಲು ಬರುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಕೆಲಸ ಕಳೆದುಕೊಂಡು ಎರಡು ತಿಂಗಳ ಕಂತು ತಪ್ಪಿಸಿದವರು. ಬಸ್ಸೇ ಸರಿಯಾಗಿ ಓಡದ ಊರಿನಲ್ಲಿ ಕಾರಿಲ್ಲದೆ ಕೂಲಿಗೂ ಹೋಗಲಾಗದು. ಟೆಕ್ಸಾಸಿನಲ್ಲಿ ವಿಮೆಯಿಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ 175ರಿಂದ 350 ಡಾಲರ್. ಬಡವನಿಗೆ ಒಂದು ವರ್ಷದ ಕಂತಿಗಿಂತ ದಂಡವೇ ಅಗ್ಗ. ಅದರ ಮೇಲೆ ಅಲ್ಲಿ ಇನ್ನೊಂದು ಪದ್ಧತಿಯಿದೆ: ಸಾಲ ತೀರಿಸಿದ ಚರಿತ್ರೆ ನೋಡಿ ಕಂತು ನಿಗದಿ ಮಾಡುವುದು. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳು ಕಾರು ವಿಮೆಯಲ್ಲಿ ಇದನ್ನು ನಿಷೇಧಿಸಿವೆ. ಟೆಕ್ಸಾಸ್ ನಿಷೇಧಿಸಿಲ್ಲ. ಸ್ಟೀರಿಂಗ್ ಹಿಡಿಯುವ ಕೈ ಎಷ್ಟು ನೆಟ್ಟಗಿದ್ದರೇನು, ಸಾಲದ ಪುಸ್ತಕ ಸರಿಯಿಲ್ಲದಿದ್ದರೆ ಕಂತು ಹೆಚ್ಚು. ಹೊಸದಾಗಿ ಹೋದ ಅಳಿಯನಿಗೂ ಮೊದಲ ವರ್ಷ ಸಾಲದ ಚರಿತ್ರೆಯೇ ಇಲ್ಲವೆಂದು ಕಂತು ಜಾಸ್ತಿಯಾಗಿತ್ತು. ಸಾಲ ಮಾಡದಿರುವುದು ಸದ್ಗುಣ ಎಂದು ಕಲಿಸಿ ಕಳಿಸಿದ ನಮ್ಮ ತಂಗಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ.

ಅಂಥವನೊಬ್ಬ ಗುದ್ದಿದನೆಂದು ಇಟ್ಟುಕೊಳ್ಳಿ. ಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು. ಗೆದ್ದ ಮೇಲೆ ಅವನ ಬಾಡಿಗೆ ಕೋಣೆಯಲ್ಲಿ ಜಪ್ತಿ ಮಾಡಲು ಏನಿರುತ್ತದೆ? ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಟೆಕ್ಸಾಸ್ ಬೇಕಾಗಿರಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬ ದರ್ಜಿ ಇದ್ದಾರೆ. 2017ರಲ್ಲಿ ಅಸರ್ ನಮಾಜಿಗೆ ಹೊರಟವರಿಗೆ ಬೈಕೊಂದು ಬಂದು ಬಡಿಯಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಓಡಿಸುತ್ತಿದ್ದವನು ಗಾರೆ ಕೆಲಸದ ಹುಡುಗ. ಬೈಕು ಅವನದೇ, ಮೂರನೇ ಕೈಯಿಂದ ಕೊಂಡದ್ದು. ವಿಮೆ ಮುಗಿದು ವರ್ಷವಾಗಿತ್ತು. ನ್ಯಾಯಮಂಡಳಿಯಲ್ಲಿ ಮೂರೂವರೆ ವರ್ಷ ಕೇಸು ನಡೆದು ದರ್ಜಿಯ ಪರವಾಗಿ ಅವಾರ್ಡ್ ಆಯಿತು, ಬಡ್ಡಿ ಸಮೇತ. ವಿಮಾ ಕಂಪನಿಯೊಂದು ಎದುರುಪಕ್ಷದಲ್ಲಿ ಇದ್ದಿದ್ದರೆ ಹಣ ಕೋರ್ಟಿಗೆ ಬಂದು ಬೀಳುತ್ತಿತ್ತು. ಇಲ್ಲಿ ಅಮಲ್ಜಾರಿ ಅರ್ಜಿ ಹಾಕಬೇಕಾಯಿತು. ಹುಡುಗ ಒಂದೆರಡು ಸಲ ಕೋರ್ಟಿಗೆ ಬಂದು ಕೈಮುಗಿದು ನಿಂತ, ಹತ್ತು ಸಾವಿರ ಕಟ್ಟಿದ, ಆಮೇಲೆ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ. ದರ್ಜಿಯ ಬೀರುವಿನಲ್ಲಿ ಅವಾರ್ಡಿನ ನಕಲು ಇನ್ನೂ ಇದೆ. ಕಾಲಿನಿಂದ ಹೊಲಿಗೆ ಯಂತ್ರ ತುಳಿಯಲಾಗದೆ ಅವರು ಸಾಲ ಮಾಡಿ ಅದಕ್ಕೊಂದು ಮೋಟಾರು ಕೂಡಿಸಿಕೊಂಡಿದ್ದಾರೆ. ಆ ಹುಡುಗನನ್ನು ಒಂದು ದಿನವೂ ಅವರು ಬೈದದ್ದನ್ನು ನಾವು ಕೇಳಿಲ್ಲ. “ಅವನ ಹತ್ತಿರ ಇದ್ದರೆ ತಾನೇ ಕೊಡೋದು ಸಾಬ್” ಎನ್ನುತ್ತಾರೆ.

ಈ ಮಾತನ್ನು ನೆನಪಿಸಿದಾಗ ಅತ್ತಿಗೆ ಸುಮ್ಮನಾದರು. ದರ್ಜಿಯ ಬಳಿ ಹೋಗಿ ‘ತಪ್ಪು ಯಾರದು’ ಎಂದು ಕೇಳಿ ಪ್ರಯೋಜನವಿಲ್ಲ. ಅದನ್ನು ನ್ಯಾಯಮಂಡಳಿ ಹೇಳಿಯಾಗಿದೆ. ಮುರಿದ ಕಾಲಿನ ಖರ್ಚು ಎಲ್ಲಿಂದ ಬರಬೇಕು ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಇರ್ವಿಂಗ್‌ನ ವಿಷಯದಲ್ಲಿ ಇನ್ನೊಂದು ತೊಡಕು ಇದೆ, ಭಾರತದಲ್ಲಿರುವ ನಮಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆ ಒಂದು ಇದ್ದುಬಿಟ್ಟರೆ ಸಾವಿಗೂ ಗಾಯಕ್ಕೂ ಕಂಪನಿಯ ಹೊಣೆಗೆ ಗರಿಷ್ಠ ಮಿತಿಯಿಲ್ಲ. ನ್ಯಾಯಮಂಡಳಿ ಐದು ಲಕ್ಷ ಎಂದರೆ ಐದು ಲಕ್ಷ, ಐವತ್ತು ಲಕ್ಷ ಎಂದರೆ ಐವತ್ತು ಲಕ್ಷ. ಆಸ್ತಿ ನಷ್ಟಕ್ಕೆ ಮಾತ್ರ ಏಳೂವರೆ ಲಕ್ಷದ ಮಿತಿ. ಅಮೆರಿಕದಲ್ಲಿ ಹಾಗಲ್ಲ. ಟೆಕ್ಸಾಸ್ ಕಾನೂನು ಕಡ್ಡಾಯ ಮಾಡಿರುವ ಕನಿಷ್ಠ ವಿಮೆ ಒಬ್ಬ ಗಾಯಾಳುವಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿಗೆ 25,000. ಅಷ್ಟನ್ನು ಕೊಟ್ಟು ಕಂಪನಿ ಕೈತೊಳೆದುಕೊಳ್ಳುತ್ತದೆ. ರೂಪಾಯಿ ಲೆಕ್ಕದಲ್ಲಿ ಇದು ದೊಡ್ಡ ಮೊತ್ತವಾಗಿ ಕಾಣಬಹುದು. ಆದರೆ ಅಲ್ಲಿನ ಆಸ್ಪತ್ರೆಗಳ ಬಿಲ್ಲು ಕಂಡವರಿಗೆ ಗೊತ್ತು, ಒಂದು ದೊಡ್ಡ ಶಸ್ತ್ರಚಿಕಿತ್ಸೆ ಮತ್ತು ಕೆಲವು ದಿನಗಳ ಐಸಿಯು ವಾಸಕ್ಕೆ ಅದು ಸಾಲದು. ಹೀಗಾಗಿ ಈ ರಕ್ಷಣೆಗೆ ಒಂದು ಜೋಡಿ ಇದೆ, ‘ಅಂಡರ್‌ಇನ್ಶೂರ್ಡ್’ ಎಂದು. ವಿಮೆ ಇದೆ, ಆದರೆ ಸಾಲದು ಎನ್ನುವವನು ಗುದ್ದಿದಾಗ ಬರುವುದು. ಟೆಕ್ಸಾಸಿನಲ್ಲಿ ಇವೆರಡೂ ಒಟ್ಟಿಗೇ ಸಿಗುತ್ತವೆ. ವಿಮೆಯೇ ಇಲ್ಲದವನಿಗಿಂತ, ಕನಿಷ್ಠ ವಿಮೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಾನೂನುಬದ್ಧವಾಗಿ ಓಡಾಡುವವನೇ ಹೆಚ್ಚಾಗಿ ಎದುರಾಗುವವನು ಎಂಬುದು ನಮಗೆ ಹೊಳೆದಾಗ ಹನ್ನೆರಡು ಡಾಲರಿನ ಬಣ್ಣವೇ ಬದಲಾಯಿತು.

ಅಳಿಯ ವಾದ ಮಾಡಿದ. ಕಂಪನಿ ಕೊಟ್ಟ ಆರೋಗ್ಯ ವಿಮೆ ಇದೆ, ಆಸ್ಪತ್ರೆ ಖರ್ಚು ಅದರಲ್ಲೇ ಹೋಗುತ್ತದೆ, ಇದೇಕೆ ಎರಡೆರಡು? ಮಾತಿನಲ್ಲಿ ಸತ್ಯವಿದೆ. ಆದರೆ ಆರೋಗ್ಯ ವಿಮೆ ಡಾಕ್ಟರಿಗೆ ದುಡ್ಡು ಕೊಡುತ್ತದೆ, ಮನೆ ಬಾಡಿಗೆ ಕೊಡುವುದಿಲ್ಲ. ಆರು ತಿಂಗಳು ಹಾಸಿಗೆ ಹಿಡಿದರೆ ಸಂಬಳದ ಗತಿ ಏನು? ಅಮೆರಿಕದ 1993ರ ಕಾನೂನೊಂದು ಕಾಯಿಲೆ ಬಿದ್ದ ನೌಕರನಿಗೆ ಹನ್ನೆರಡು ವಾರಗಳ ರಜೆ ಕೊಡುತ್ತದೆ, ಅದೂ ಸಂಬಳವಿಲ್ಲದೆ. ಅವನ ಹೆಂಡತಿಯದು ಎಚ್-4 ವೀಸಾ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ಅವಳು ಕೆಲಸ ಮಾಡುವ ಹಾಗಿಲ್ಲ. ಅವನ ಅರ್ಜಿ ಇನ್ನೂ ಆ ಹಂತಕ್ಕೆ ಬಂದಿಲ್ಲ. ಕೆಲಸವೇ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಸಾಮಾನ್ಯವಾಗಿ 60 ದಿನ. ಅಂದರೆ ಮೂವರ ಹೊಟ್ಟೆ ಮತ್ತು ಮೂವರ ವೀಸಾ ಎರಡೂ ಒಬ್ಬನ ಬೆನ್ನುಮೂಳೆಯ ಮೇಲೆ ನಿಂತಿವೆ. ಕಳೆದುಹೋದ ಸಂಬಳ, ಮುಂದೆ ದುಡಿಯುವ ಶಕ್ತಿಯ ನಷ್ಟ, ನೋವು ಇವೆಲ್ಲ ಲೆಕ್ಕಕ್ಕೆ ಬರುವುದು ಗುದ್ದಿದವನ ವಿಮೆಯಲ್ಲಿ. ಅವನದು ಇಲ್ಲದಿದ್ದರೆ ಈ ಹನ್ನೆರಡು ಡಾಲರಿನದರಲ್ಲಿ. ನಮ್ಮ ತಂಗಿ ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವಳು, “ಅವನು ಅಲ್ಲಿ ಮಲಗಿದರೆ ನೋಡಿಕೊಳ್ಳೋಕೆ ನಾನು ಹೋಗಬೇಕು ಅಂದ್ರೂ ವೀಸಾ ಬೇಕು” ಎಂದಳು. ಅದಕ್ಕೆ ಯಾವ ವಿಮೆಯೂ ಇಲ್ಲ.

ಇನ್ನೊಂದು ವಿಷಯ ನಮಗೆ ಹಿಡಿಸಿತು. ಈ ರಕ್ಷಣೆ ಕಾರಿಗೆ ಅಂಟಿಕೊಂಡದ್ದಲ್ಲ, ಮನುಷ್ಯನಿಗೆ ಅಂಟಿಕೊಂಡದ್ದು. ಸಾಮಾನ್ಯವಾಗಿ ಪಾಲಿಸಿದಾರನೂ ಅವನ ಜೊತೆ ವಾಸವಿರುವ ಕುಟುಂಬದವರೂ ಬೇರೆಯವರ ಕಾರಿನಲ್ಲಿ ಕೂತಿರುವಾಗ, ರಸ್ತೆ ದಾಟುತ್ತಿರುವಾಗ, ಸೈಕಲ್ ತುಳಿಯುತ್ತಿರುವಾಗಲೂ ಅದು ಅನ್ವಯಿಸುತ್ತದೆ. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಪಾರ್ಕಿಗೆ ಹೋಗುವ ತಾಯಿಗೂ ಉಂಟು.

ಹಾಗೆಂದು ಎಲ್ಲವನ್ನೂ ಕಣ್ಣುಮುಚ್ಚಿ ಕೊಳ್ಳಬೇಕಿಲ್ಲ. ಈ ಬಾಬತ್ತಿನಲ್ಲಿ ಎರಡು ಭಾಗಗಳಿವೆ, ದೇಹಕ್ಕೆ ಆದ ಗಾಯದ್ದು ಒಂದು, ಕಾರಿಗೆ ಆದ ಜಖಂನದು ಇನ್ನೊಂದು. ಕಾರಿಗೆ ಸಾಲ ಇರುವುದರಿಂದ, ಸಾಲ ಕೊಟ್ಟವರ ಶರತ್ತಿನಂತೆ ಅಳಿಯ ಈಗಾಗಲೇ ‘ಕೊಲಿಷನ್’ ವಿಮೆ ಮಾಡಿಸಿದ್ದಾನೆ. ತಪ್ಪು ಯಾರದೇ ಇರಲಿ, ಕಾರಿನ ರಿಪೇರಿ ಅದರಲ್ಲಿ ಬರುತ್ತದೆ. ಮೊದಲ ಒಂದಿಷ್ಟು ಡಾಲರ್ ಕೈಯಿಂದ ಹಾಕಬೇಕು, ಅಷ್ಟೇ. ಕಾರಿನ ಭಾಗಕ್ಕೂ ಟೆಕ್ಸಾಸಿನಲ್ಲಿ ಮೊದಲ 250 ಡಾಲರ್ ನಮ್ಮದೇ ಜೇಬಿನಿಂದ. ಆದ್ದರಿಂದ ಆ ಭಾಗ ಅವನ ಪಾಲಿಗೆ ಹೊದ್ದ ರಗ್ಗಿನ ಮೇಲೆ ಇನ್ನೊಂದು ರಗ್ಗು. ಕೊಲಿಷನ್ ಇಲ್ಲದ ಹಳೆಯ ಕಾರಿನವರಿಗೆ ಮಾತ್ರ ಅದಕ್ಕೆ ಅರ್ಥವಿದೆ.

ಸಣ್ಣ ಅಕ್ಷರದ ಮಾತುಗಳನ್ನೂ ಓದಿದೆವು. ಪಾಲಿಸಿಯ ಗದ್ಯದಷ್ಟು ನಿರ್ಭಾವುಕವಾದ ಗದ್ಯವನ್ನು ಯಾವ ಕತೆಗಾರನೂ ಬರೆಯಲಾರ. ಟೆಕ್ಸಾಸ್ ಕಾನೂನಿನ ಪ್ರಕಾರ, ಗುದ್ದಿ ಪರಾರಿಯಾದ ಗಾಡಿ ಯಾರದೆಂದು ಗೊತ್ತಾಗದಿದ್ದರೆ, ಆ ಗಾಡಿ ನಿಮಗೋ ನಿಮ್ಮ ಕಾರಿಗೋ ನಿಜವಾಗಿ ತಾಗಿರಬೇಕು. ಲಾರಿಯೊಂದು ಅಡ್ಡ ಬಂತೆಂದು ನೀವು ಸ್ಟೀರಿಂಗ್ ಎಳೆದು ಕಂಬಕ್ಕೆ ಬಡಿದಿರಿ, ಲಾರಿ ತಾಗಲಿಲ್ಲ, ಹೋಗಿಬಿಟ್ಟಿತು ಎಂದರೆ ಈ ರಕ್ಷಣೆ ಇಲ್ಲ. ಇನ್ನೊಂದು ಇದಕ್ಕಿಂತ ಕಹಿ. ಪರಿಹಾರ ಕೇಳುವ ದಿನ ನಿಮ್ಮ ಕಂಪನಿಯೇ ನಿಮ್ಮ ಎದುರಾಳಿ. ಅದು ಆ ವಿಮೆಯಿಲ್ಲದವನ ಜಾಗದಲ್ಲಿ ನಿಂತು, ‘ಅವನ ತಪ್ಪು ಅಂತ ಸಾಬೀತು ಮಾಡಿ, ನಿಮ್ಮ ನೋವು ಇಷ್ಟೇ ಎಂದು ಸಾಬೀತು ಮಾಡಿ’ ಎಂದು ಕೇಳುತ್ತದೆ. ಗುದ್ದಿದವನ ಹೊಣೆಯೂ ನಷ್ಟದ ಮೊತ್ತವೂ ಕೋರ್ಟಿನಲ್ಲಿ ತೀರ್ಮಾನವಾಗುವವರೆಗೆ ಕಂಪನಿ ಇದರಡಿ ಹಣ ಕೊಡಲು ಕರಾರಿನಂತೆ ಬದ್ಧವಲ್ಲ ಎಂದು ಟೆಕ್ಸಾಸಿನ ಸುಪ್ರೀಂ ಕೋರ್ಟ್ 2006ರಲ್ಲಿ ಬ್ರೈನಾರ್ಡ್ ಎಂಬವರ ಪ್ರಕರಣದಲ್ಲಿ ಹೇಳಿತು. ಎಷ್ಟೋ ಪ್ರಕರಣಗಳು ಕೋರ್ಟಿಗೆ ಹೋಗದೆ ರಾಜಿಯಲ್ಲಿ ಮುಗಿಯುತ್ತವೆ ಎಂಬುದೂ ನಿಜ. ಆದರೆ ಕಂತು ಕಟ್ಟುವಾಗ ಇದ್ದ ನಂಟಸ್ತಿಕೆ ಪರಿಹಾರ ಕೇಳುವಾಗಲೂ ಇರುತ್ತದೆ ಎಂದು ನಂಬಿ ಕೂರಬಾರದು. ಪೊಲೀಸರಿಗೆ ತಕ್ಷಣ ತಿಳಿಸುವುದು, ಫೋಟೋ, ಸಾಕ್ಷಿಯ ಫೋನ್ ನಂಬರು, ಆಸ್ಪತ್ರೆಯ ಕಾಗದ ಎಲ್ಲವೂ ಬೇಕು.

ಇಷ್ಟೆಲ್ಲ ಆದ ಮೇಲೆ ಅಣ್ಣ ಬಾಯಿ ತೆರೆದರು. ಅವರು ನಿವೃತ್ತ ಉರ್ದು ಮೇಷ್ಟ್ರು. ನಮ್ಮ ಮನೆಯಲ್ಲಿ ಕಿತಾಬು ನೋಡಿ ಮಾತನಾಡುವವರು ಅವರೊಬ್ಬರೇ. “ಥರ್ಡ್ ಪಾರ್ಟಿ ವಿಮೆ ಸರ್ಕಾರದ ಹುಕುಂ, ಅದು ಮಜಬೂರಿ. ಆದರೆ ಇದು ಕಡ್ಡಾಯವಲ್ಲ ಅಂತ ನೀವೇ ಹೇಳ್ತೀರಿ. ನಾವಾಗಿ ಕೈಯೆತ್ತಿ ಕೇಳಿ ಪಡೆಯೋದಕ್ಕೆ ಮಜಬೂರಿಯ ನೆಪ ಎಲ್ಲಿದೆ?” ಎಂದರು.

ಇದು ತಳ್ಳಿಹಾಕುವ ಮಾತಾಗಿರಲಿಲ್ಲ. ಜಿದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1985ರಲ್ಲಿ, ನಿಗದಿತ ಕಂತಿನ ವಾಣಿಜ್ಯ ವಿಮೆ ಸಲ್ಲದು, ಪರಸ್ಪರ ಸಹಕಾರದ ವಿಮೆ ಸಲ್ಲುತ್ತದೆ ಎಂದು ನಿರ್ಣಯ ಮಾಡಿದೆ. ಸಿರಿಯಾದ ಹಿರಿಯ ಫಿಕ್ಹ್ ವಿದ್ವಾಂಸ ಮುಸ್ತಫಾ ಜರ್ಕಾ ಅವರಂಥವರು ವಿಮೆ ಮೂಲತಃ ಸಲ್ಲುತ್ತದೆ ಎಂದೇ ವಾದಿಸಿದ್ದರು. ನಮ್ಮ ದೇಶದಲ್ಲಿ ಗಲಭೆಗಳಲ್ಲಿ ಅಂಗಡಿ ಮನೆ ಸುಟ್ಟುಹೋಗುವುದನ್ನು ಕಂಡು, ಇಲ್ಲಿನ ಪರಿಸ್ಥಿತಿಯ ಕಾರಣಕ್ಕೆ ವಿಮೆಗೆ ಅವಕಾಶವಿದೆ ಎಂದ ಉಲೇಮಾಗಳೂ ಇದ್ದಾರೆ. ನಾವು ಮುಫ್ತಿಗಳಲ್ಲ. ಅಳಿಯ ತನ್ನ ಊರಿನ ಮಸೀದಿಯ ಆಲಿಮರನ್ನು ಕೇಳಿದ. ಅವರು ಅವನ ಸಂಸಾರ, ವೀಸಾ, ಆಸ್ಪತ್ರೆ ಖರ್ಚು ಎಲ್ಲವನ್ನೂ ಕೇಳಿ ತಿಳಿದು, ದೇಹದ ಗಾಯದ್ದನ್ನು ಹಾಜತ್ ಎಂದು ಇಟ್ಟುಕೊಳ್ಳಬಹುದು, ಕಾರಿನದು ಬಿಡು ಎಂದರಂತೆ. ಅಕ್ಷರಶಃ ನಮ್ಮ ದುನಿಯಾದ ಲೆಕ್ಕವೂ ಅಲ್ಲಿಗೇ ಬಂದು ನಿಂತಿತ್ತು.

ಅಣ್ಣ ಪೂರ್ತಿ ಒಪ್ಪಲಿಲ್ಲ. ಆದರೆ ಒಂದು ವಾರದ ನಂತರ ಅವರಾಗಿಯೇ ‘ಆಕಿಲಾ’ದ ಮಾತು ತೆಗೆದರು. ಮದರಸಾದಲ್ಲಿ ಓದಿದವರಿಗೆ ಪರಿಚಯವಿರುವ ಪದ. ಉದ್ದೇಶವಿಲ್ಲದೆ, ಅಚಾತುರ್ಯದಿಂದ ಒಬ್ಬನ ಕೈಯಲ್ಲಿ ಇನ್ನೊಬ್ಬನ ಜೀವ ಹೋದರೆ ದಿಯತ್ ನೂರು ಒಂಟೆ. ಅಷ್ಟನ್ನು ಒಬ್ಬನೇ ಎಲ್ಲಿಂದ ತರುತ್ತಾನೆ? ಅವನ ಬುಡಕಟ್ಟಿನ ಗಂಡಸರೆಲ್ಲ ಸೇರಿ ಮೂರು ವರ್ಷಗಳಲ್ಲಿ ಹಂಚಿ ಕೊಡಬೇಕು. ಹೀಗೆ ಹೊರುವವರೇ ಆಕಿಲಾ. ಹಜ್ರತ್ ಉಮರ್ ಅವರ ಕಾಲದಲ್ಲಿ ಈ ಹೊಣೆ ರಕ್ತಸಂಬಂಧ ದಾಟಿ, ಒಂದೇ ದೀವಾನಿನ ದಾಖಲೆಯಲ್ಲಿ ಹೆಸರಿದ್ದ ಸೈನಿಕರ ಮೇಲೂ ಬಂತೆಂದು ಹನಫೀ ಕಿತಾಬುಗಳು ಹೇಳುತ್ತವೆ. ಆಕಿಲಾ ಇಲ್ಲದ ಅನಾಥನಾದರೆ? ಆಗ ಬೈತುಲ್ ಮಾಲ್, ಅಂದರೆ ಸಾರ್ವಜನಿಕ ಬೊಕ್ಕಸ ಕೊಡಬೇಕು. ಸತ್ತವನ ಮನೆಯವರು ಬರಿಗೈಲಿ ಹೋಗಬಾರದು. “ಆ ಹುಲ್ಲು ಕತ್ತರಿಸುವವನಿಗೆ ಆಕಿಲಾ ಇಲ್ಲ” ಎಂದರು ಅಣ್ಣ. “ಅವನ ಸರ್ಕಾರ ಬೈತುಲ್ ಮಾಲ್ ತೆರೆಯಬೇಕಾಗಿತ್ತು. ತೆರೆಯದೆ, ಪಕ್ಕದ ಕಾರಿನವನ ಹತ್ತಿರ ಹನ್ನೆರಡು ಡಾಲರ್ ಕೇಳ್ತಿದೆ.” ಅತ್ತಿಗೆಯ ಎತ್ತು ಎಮ್ಮೆಯ ಗಾದೆಯನ್ನು ಅಣ್ಣ ಹೀಗೆ ಅರಬ್ಬೀ ದಾರಿಯಲ್ಲಿ ಸುತ್ತಿಸಿ ತಂದರು ಎಂದು ನಮಗೆ ನಗು ಬಂತು. ಆದರೆ ಅವರ ಮಾತು ನಿಜ. ಈ ರಕ್ಷಣೆ ಕೊಳ್ಳಬೇಕಾದ ಸರಕು ಹೌದು. ಕೊಳ್ಳಬೇಕಾಗಿ ಬಂದಿರುವುದು ಮಾತ್ರ ಸರಿಯಲ್ಲ. ಎರಡನ್ನೂ ಒಟ್ಟಿಗೆ ಹೇಳಬಹುದು ಎಂದು ನಮಗೆ ತೋರುತ್ತದೆ.

ಅಳಿಯ ದೇಹದ ಭಾಗವನ್ನು ಉಳಿಸಿಕೊಂಡ. ತಾನು ಇತರರಿಗೆ ಮಾಡಬಹುದಾದ ಹಾನಿಗೆ ಎಷ್ಟು ಮೊತ್ತದ ವಿಮೆ ಇಟ್ಟಿದ್ದನೋ, ತನಗಾಗಬಹುದಾದ ಹಾನಿಗೂ ಅಷ್ಟೇ ಮೊತ್ತಕ್ಕೆ ಏರಿಸಿದ. ಅದಕ್ಕಿಂತ ಹೆಚ್ಚು ಕೇಳಲು ಬರುವುದಿಲ್ಲ. ಕಾರಿನ ಭಾಗಕ್ಕೆ ಬೇಡವೆಂದು ಬರೆದುಕೊಟ್ಟ. ಒಂಟಿಯಾಗಿರುವ, ಕೆಲಸಕ್ಕೆ ಹೋಗಲಾಗದಿದ್ದರೂ ಸಂಬಳದ ಒಂದು ಪಾಲು ಕೊಡುವ ವಿಮೆಯಿರುವ ಅವನ ಗೆಳೆಯನೊಬ್ಬ ಎರಡನ್ನೂ ಬಿಟ್ಟಿದ್ದಾನಂತೆ. ಅವನ ಲೆಕ್ಕ ಅವನಿಗೆ ಸರಿ ಇರಬಹುದು. ಹೆಂಡತಿ ಮಕ್ಕಳಿರುವ, ಒಬ್ಬನೇ ದುಡಿಯುವ ಮನೆಗೆ ಆ ಲೆಕ್ಕ ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಅಲ್ಲಿಯ ಚರ್ಚೆ ಮುಗಿದರೂ ದರ್ಜಿಯ ಕಾಲು ನಮ್ಮ ತಲೆಯಿಂದ ಹೋಗಲಿಲ್ಲ. ನಮ್ಮಲ್ಲಿ ರಸ್ತೆಯಲ್ಲಿರುವ ವಾಹನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಚಾಲ್ತಿಯಲ್ಲಿರುವ ವಿಮೆಯಿಲ್ಲ, ಅವುಗಳಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು. ಮಿಸಿಸಿಪ್ಪಿಯೇ ನಮಗಿಂತ ವಾಸಿ. ಇಲ್ಲಿ ದಂಡ ಅಗ್ಗ ಎನ್ನುವಂತೆಯೂ ಇಲ್ಲ. 2019ರ ತಿದ್ದುಪಡಿಯಾದ ಕೇಂದ್ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 2,000 ರೂಪಾಯಿ ಅಥವಾ ಮೂರು ತಿಂಗಳವರೆಗಿನ ಸಜೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿಯ ಬೈಕಿನ ವರ್ಷದ ಥರ್ಡ್ ಪಾರ್ಟಿ ಕಂತು ತೆರಿಗೆ ಬಿಟ್ಟು 714 ರೂಪಾಯಿ. ಆದರೂ ಕಟ್ಟುವುದಿಲ್ಲ. ಸುಪ್ರೀಂ ಕೋರ್ಟಿನ ಆದೇಶದಿಂದ 2018ರ ಸೆಪ್ಟೆಂಬರಿನ ನಂತರ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕೊಳ್ಳುವಾಗಲೇ ಬರುತ್ತದೆ. ಆ ಅವಧಿ ಮುಗಿದ ಮೇಲೆ ನವೀಕರಿಸಬೇಕೆಂಬುದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ಬೈಕು ಎರಡನೇ ಕೈ, ಮೂರನೇ ಕೈಗೆ ಹೋದ ಮೇಲಂತೂ ಕೇಳುವವರೇ ಇಲ್ಲ.

ಕಾನೂನು ಏನೂ ಮಾಡಿಲ್ಲವೆಂದಲ್ಲ. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅದಕ್ಕೂ ಮೊದಲು ಅದು 25,000 ಮತ್ತು 12,500 ಇತ್ತು. 2025ರ ಮೇ ತಿಂಗಳಲ್ಲಿ ಬಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ ಉಂಟು, ಗುದ್ದಿದ ವಾಹನಕ್ಕೆ ವಿಮೆ ಇರಲಿ ಇಲ್ಲದಿರಲಿ. ವಿಮೆಯಿಲ್ಲದ ವಾಹನ ಅಪಘಾತ ಮಾಡಿದರೆ ಅದನ್ನು ಸುಮ್ಮನೆ ಬಿಟ್ಟುಕೊಡದೆ, ಭದ್ರತೆ ಕೊಡದಿದ್ದರೆ ಹರಾಜು ಹಾಕಿ ಆ ಹಣವನ್ನು ನ್ಯಾಯಮಂಡಳಿಗೆ ಕಟ್ಟುವಂತೆ ನಿಯಮ ಮಾಡಿ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ರಾಜ್ಯಗಳಿಗೆ ಹೇಳಿತು. ಆದರೆ ಮೂರನೇ ಕೈಯ ಬೈಕಿನ ಹರಾಜಿನಲ್ಲಿ ಎಷ್ಟು ಬಂದೀತು? ಇದರಲ್ಲಿ ಒಂದು ವಿಪರ್ಯಾಸವೂ ಅಡಗಿದೆ. ಪರಾರಿಯಾದವನು ಸಿಗದೇ ಹೋದರೆ ಸರ್ಕಾರದ ಹಣವಾದರೂ ಬರುತ್ತದೆ. ಸಿಕ್ಕಿಬಿದ್ದು, ಅವನು ಆ ಗಾರೆ ಕೆಲಸದ ಹುಡುಗನಂಥವನಾಗಿದ್ದರೆ, ಗಾಯಾಳುವಿನ ಕೈಗೆ ಬರುವುದು ಅವಾರ್ಡಿನ ನಕಲು.

ಟೆಕ್ಸಾಸಿನಂಥ ರಕ್ಷಣೆ ನಮ್ಮಲ್ಲಿ ಕೊಳ್ಳಲು ಸಿಗುತ್ತದೆಯೇ ಎಂದು ನಮ್ಮ ಸ್ಕೂಟರಿನ ವಿಮೆ ಮಾಡಿಸುವ ಏಜೆಂಟರನ್ನು ಕೇಳಿದೆವು. ಅವರು ನಕ್ಕು, ಅಂಥ ಹೆಸರಿನದು ಯಾವುದೂ ಇಲ್ಲ ಎಂದರು. ಇರುವುದು ವಾಹನದ ಮಾಲೀಕನೇ ಓಡಿಸುವಾಗ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ ಕೊಡುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. 2018ರಿಂದ ಆ ಮೊತ್ತ 15 ಲಕ್ಷವಾಗಿದೆ, ಬೇರೆ ಕಡೆ ಅಷ್ಟು ಮೊತ್ತದ ಅಪಘಾತ ವಿಮೆ ಇಲ್ಲದವರಿಗೆ ಕಡ್ಡಾಯವೂ ಹೌದು. ಗುದ್ದಿದವನ ಬಳಿ ವಿಮೆ ಇದೆಯೋ ಇಲ್ಲವೋ ಎಂದು ಅದು ಕೇಳುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದು. ಮುರಿದು ಮತ್ತೆ ಕೂಡಿದ ಮೂಳೆಗೆ, ಹೋದ ಕೂಲಿಗೆ ಅದರಲ್ಲಿ ಏನೂ ಇಲ್ಲ. ಹಿಂದೆ ಕೂರುವವರಿಗೆ ಬೇಕೆಂದರೆ ಬೇರೆ ಹಣ ಕಟ್ಟಿ ಸೇರಿಸಿಕೊಳ್ಳಬೇಕು. ನಡೆದು ಹೋಗುವವರಿಗಾದರೆ ವಾಹನಕ್ಕೆ ಸಂಬಂಧವಿಲ್ಲದ ಅಪಘಾತ ವಿಮೆ, ಆರೋಗ್ಯ ವಿಮೆ ಎಂದು ಬೇರೆಯೇ ಮಾಡಿಸಬೇಕು. ಸ್ಕೂಟರಿನ ಹಿಂದೆ ಕೂರುವ ಮನೆಯವರನ್ನು ಸೇರಿಸಿ ಕಂತು ಕಟ್ಟಿ ಬಂದೆವು. ದರ್ಜಿ ಸ್ಕೂಟರ್ ಇಟ್ಟವರಲ್ಲ. ಅವರಿಗೆ ಯಾವುದು ಹೊಂದುತ್ತದೆ ಎಂದು ಏಜೆಂಟರು ಎರಡು ಕಾಗದ ಕೊಟ್ಟಿದ್ದಾರೆ. ಇಬ್ಬರೂ ಕೂತು ಓದಬೇಕು. ಒಂದು ಇಂಗ್ಲಿಷಿನಲ್ಲಿದೆ, ಇನ್ನೊಂದು ಹಿಂದಿಯಲ್ಲಿ.